ಅಟ್ಟದ ಸಾಮಾನು, ಅತ್ತೆಯ ಸಿಟ್ಟು

ಹಾವೇರಿಯ ಓದುಗರೊಬ್ಬರು ಡಿಸೆಂಬರಿನ ಒಂದು ಭಾನುವಾರದ ಕಥೆ ಬರೆದಿದ್ದಾರೆ. ಬೆಂಗಳೂರಿನಿಂದ ಬಂದ ಮಗ ಬೆಳಿಗ್ಗೆಯೇ ಅಟ್ಟ ಹತ್ತಿ ಎಲ್ಲವನ್ನೂ ಕೆಳಗಿಳಿಸಿದ. ‘ಒಂದು ವರ್ಷ ಮುಟ್ಟದೇ ಇದ್ದದ್ದು ಬೇಡದ್ದೇ, ಬಿಸಾಕು’ ಅನ್ನುವುದು ಅವನ ಲೆಕ್ಕ. ಸಕ್ಕರೆ ಗೊಂಬೆಯ ಮರದ ಅಚ್ಚೂ ಗುಜರಿ ಚೀಲ ಸೇರಿತು. ಅದನ್ನು ಕಂಡ ಅತ್ತೆಯವರು ರಾತ್ರಿ ಊಟವನ್ನೇ ಬಿಟ್ಟರು. ಮಗನ ಲೆಕ್ಕ ಸರಿಯೇ? ರೇಷ್ಮೆ ಸೀರೆಗಳ ಮುಗ್ಗಲು ವಾಸನೆಗೆ ಏನು ಮಾಡಲಿ? ಅತ್ತೆಯ ಟ್ರಂಕಿನಲ್ಲಿ ಏಳು ಹಳೇ ಐನೂರರ ನೋಟು, ಒಂದು ಎರಡು ಸಾವಿರದ ನೋಟು ಸಿಕ್ಕಿವೆ, ಅವನ್ನೇನು ಮಾಡಲಿ? ಕೊನೆಗೊಂದು ಸಾಲು: ‘ನಿಮ್ಮ ಪತ್ರಿಕೆಯ ಹಳೇ ಸಂಚಿಕೆಗಳನ್ನೂ ರದ್ದಿಗೆ ಹಾಕಿದೆ, ಬೇಜಾರು ಮಾಡ್ಕೋಬೇಡಿ.’

ಸಂಪಾದಕರ ಉತ್ತರ:

ಬೇಜಾರೇನಿಲ್ಲ ಅಮ್ಮಾ. ತಕ್ಕಡಿ ಏರಿದ ಮೇಲಾದರೂ ನಮ್ಮ ಬರಹಕ್ಕೆ ತೂಕ ಬಂತಲ್ಲ!

ಮಗನ ಲೆಕ್ಕ ಬಟ್ಟೆ ಬೀರುವಿಗೆ ಸರಿಹೋದೀತು, ಅಟ್ಟಕ್ಕೆ ಆಗುವುದಿಲ್ಲ. ನಮ್ಮ ಮನೆಗಳ ಅರ್ಧ ಸಾಮಾನು ವರ್ಷಕ್ಕೊಮ್ಮೆ ಹೊರಬರುವಂಥದ್ದೇ. ಆ ಅಚ್ಚನ್ನೇ ನೋಡಿ. ಗೌರಿ ಹುಣ್ಣಿಮೆ ಬರುವ ತನಕ ಅದಕ್ಕೆ ಕೆಲಸವಿಲ್ಲ. ಆಮೇಲೆ ನೀರಲ್ಲಿ ನೆನೆಸಬೇಕು, ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಬೇಕು, ಬಿಸಿ ಪಾಕ ಹೊಯ್ಯಬೇಕು. ಬಿಚ್ಚಿದರೆ ಆನೆ, ತೇರು, ಗಿಳಿ. ಮೈಸೂರು ಕಡೆಯವರು ಇಂಥದ್ದೇ ಅಚ್ಚನ್ನು ಸಂಕ್ರಾಂತಿಗೆ ತೆಗೆಯುತ್ತಾರೆ. ಮಗನಿಗೆ ಅದು ಹಳೇ ಮರದ ತುಂಡು, ಅತ್ತೆಗೆ ಮುಂದಿನ ಹಬ್ಬ. ಗುಜರಿಯವನು ಇನ್ನೂ ಬಂದಿಲ್ಲವಾದರೆ ಈಗಲೇ ಚೀಲದಿಂದ ತೆಗೆಯಿರಿ. ಗೆರೆಗಳ ಸಂದಿಯಲ್ಲಿ ಸಕ್ಕರೆ ಉಳಿದಿದ್ದರೆ ಇರುವೆ ಬಿಡುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆದು ನೆರಳಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಮರ ಸೀಳು ಬಿಡುತ್ತದೆ.

ನನ್ನ ಪ್ರಕಾರ ತಪ್ಪಾದದ್ದು ಒಂದೇ. ಸಾಮಾನು ಇಳಿಸುವುದು, ಬಿಸಾಕುವುದು ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡಿರಿ. ಬೆನ್ನು ನೋಯುತ್ತಿರುವಾಗ, ಮೂಗಿನ ತುಂಬ ಧೂಳಿರುವಾಗ ಎಲ್ಲವೂ ಕಸದಂತೆಯೇ ಕಾಣುತ್ತದೆ. ಮೊದಲ ದಿನ ಸುಮ್ನೆ ಇಳಿಸಿ, ಒರೆಸಿ, ಗಾಳಿಗೆ ಹರಡಿ. ಬಿಸಾಕುವ ಮಾತು ಮುಂದಿನ ವಾರಕ್ಕಿರಲಿ. ಅದೂ ಯಾರ ಸಾಮಾನೋ ಅವರೇ ಹೇಳಬೇಕು. ಮಗ ಬೇಕಿದ್ದರೆ ತನ್ನ ಕಾಲೇಜಿನ ನೋಟ್ಸಿನಿಂದ ಶುರು ಮಾಡಲಿ. ಅವು ಇನ್ನೂ ನಿಮ್ಮ ಅಟ್ಟದಲ್ಲೇ ಇರುತ್ತವೆ ಅಂತ ನನಗೆ ಅನುಮಾನ!

ಕಾಲ ಮಾತ್ರ ಸರಿಯಾಗಿಯೇ ಆರಿಸಿದ್ದೀರಿ. ಮಳೆಗಾಲದ ತೇವ ಹೋಗಿರುತ್ತದೆ, ಗಾಳಿ ಒಣಗಿರುತ್ತದೆ, ಬಿಸಿಲು ಸುಡುವುದಿಲ್ಲ. ಧನುರ್ಮಾಸದಲ್ಲಿ ಮದುವೆ ಮುಂಜಿಗಳ ಓಡಾಟವೂ ಇಲ್ಲ, ಅಲ್ವಾ?

ರೇಷ್ಮೆ ಸೀರೆಗೆ ಈ ಒಣ ಗಾಳಿಯೇ ಔಷಧಿ. ನೇರ ಬಿಸಿಲು ಬೇಡ, ಬಣ್ಣ ಮಾಸುತ್ತದೆ. ಪಡಸಾಲೆಯಲ್ಲಿ ಹಗ್ಗ ಕಟ್ಟಿ ಹರವಿ. ಮತ್ತೆ ಮಡಿಸುವಾಗ ಹಳೇ ಮಡಿಕೆಯಲ್ಲೇ ಮಡಿಸಬೇಡಿ, ಜರಿ ಮುರಿಯುವುದು ಅಲ್ಲೇ. ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಹಿಡಿದಿಡುತ್ತದೆ. ಅದರ ಬದಲು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಹಾಕುವವರು ಒಂದು ವಿಷಯ ನೆನಪಿಡಿ: ಆ ಬಟ್ಟೆಯನ್ನು ತೆಗೆದ ಕೂಡಲೇ ಎಳೆಮಗುವಿಗೆ ಹೊದಿಸಬಾರದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಗುಳಿಗೆಯ ನ್ಯಾಫ್ತಲೀನ್ ಅಂಥ ಮಕ್ಕಳ ಕೆಂಪು ರಕ್ತಕಣಗಳನ್ನು ಒಡೆದುಹಾಕಬಲ್ಲದು. ನಾನಾದರೆ ಬಜೆ ಬೇರು ಇಡುತ್ತೇನೆ.

ಸವೆದ ಹತ್ತಿ ಸೀರೆಗಳನ್ನು ಪಾತ್ರೆಯವನಿಗೆ ಕೊಟ್ಟು ತೆಳ್ಳನೆ ಸ್ಟೀಲ್ ಡಬ್ಬಿ ತಗೋಬೇಡಿ, ಡಬ್ಬಿ ಈಗಲೇ ಜಾಸ್ತಿ ಇರುತ್ತವೆ. ಕೌದಿ ಹೊಲಿಯುವ ಹೆಣ್ಣುಮಕ್ಕಳು ನಿಮ್ಮ ಕಡೆ ಇನ್ನೂ ಇದ್ದಾರೆ. ಮೆತ್ತಗಾದ ಸೀರೆಯಷ್ಟು ಒಳ್ಳೆಯ ಕೌದಿ ಹೊಸ ಬಟ್ಟೆಯಿಂದ ಬರುವುದಿಲ್ಲ. ಕೂಲಿ ಮಾತ್ರ ಚೌಕಾಸಿ ಮಾಡದೆ ಕೊಡಿ.

ಇನ್ನು ನೋಟು. ಐನೂರರ ನೋಟನ್ನು ತಿರುಗಿಸಿ ನೋಡಿ. ಹಿಂದೆ ಕೆಂಪು ಕೋಟೆ ಇದ್ದರೆ ಅದು ಚಲಾವಣೆಯ ನೋಟು, ಅಂಗಡಿಯಲ್ಲೇ ನಡೆಯುತ್ತದೆ. ದಂಡಿ ಯಾತ್ರೆ ಇದ್ದರೆ 2016ರ ನವೆಂಬರ್ 8ರ ರಾತ್ರಿ ರದ್ದಾದದ್ದು, ಬ್ಯಾಂಕಿನವರು ಮುಟ್ಟುವುದಿಲ್ಲ. 2017ರ ಕಾಯ್ದೆಯ ಪ್ರಕಾರ ಅಂಥವನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಂಡರೆ ದಂಡ ಬೀಳುತ್ತದೆ. ನಿಮ್ಮಲ್ಲಿರುವುದು ಏಳು, ಹಾಗಾಗಿ ಹೆದರಿಕೆಯಿಲ್ಲ. ಎರಡು ಸಾವಿರದ ನೋಟಿನ ಕಥೆ ಬೇರೆ. 2023ರ ಮೇ ತಿಂಗಳಲ್ಲಿ ಅದನ್ನು ಚಲಾವಣೆಯಿಂದ ವಾಪಸ್ ಪಡೆದರೇ ಹೊರತು ರದ್ದು ಮಾಡಲಿಲ್ಲ. ಊರಿನ ಬ್ಯಾಂಕು ಈಗ ತೆಗೆದುಕೊಳ್ಳುವುದಿಲ್ಲ, ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿ ತೆಗೆದುಕೊಳ್ಳುತ್ತದೆ. ಅಂಚೆ ಕಚೇರಿಯಿಂದ ಕಳಿಸಿದರೂ ಖಾತೆಗೆ ಜಮಾ ಮಾಡುತ್ತಾರೆ. ಮಗನೇ ಬೆಂಗಳೂರಿಗೆ ಹೋಗುವಾಗ ಒಯ್ಯಲಿ. ಜಮಾ ಆಗುವುದು ಮಾತ್ರ ಅತ್ತೆಯವರ ಖಾತೆಗೆ.