ಆಪ್ತಸಲಹೆ ಪ್ರಕರಣ: ‘ನಮ್ಮ ಮನಿಗಿ ಬಿಟ್ಟು ಬರ್ರಿ’

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಬೆಳಗಾವಿಯ ನನ್ನ ಕೋಣೆಗೆ ಆ ಅಮ್ಮ ಬಂದಾಗ ಎಡಗೈಗೆ ಪ್ಲಾಸ್ಟರ್ ಇತ್ತು. ವಯಸ್ಸು 66. ಯಜಮಾನರಿಗೆ 74. ನಾಲ್ಕು ವರ್ಷದ ಹಿಂದೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿದಾಗ ಡಿಮೆನ್ಶಿಯಾ, ಅಂದರೆ ನೆನಪು, ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ ಅಂತ ಗೊತ್ತಾಗಿತ್ತು. ಮೂಲ ಊರು ಬಾಗಲಕೋಟೆ, ಈಗ ಬೆಳಗಾವಿಯಲ್ಲಿ ಮಗನ ಜೊತೆ. ರಾತ್ರಿ ಎರಡಕ್ಕೆ ಎದ್ದು ಯಜಮಾನರು ಚಿಲಕ ತೆಗೆದು ಹೊರಡುತ್ತಿದ್ದರು. ಒಮ್ಮೆ ತಡೆಯಲು ಹೋಗಿ ಜಗ್ಗಾಟದಲ್ಲಿ ಇವರು ಬಿದ್ದರು, ಮಣಿಕಟ್ಟು ಮುರಿಯಿತು. ಅದಾದ ವಾರಕ್ಕೆ ಮಗ ಅಪ್ಪನನ್ನು ಊರ ಹೊರಗಿನ ಆರೈಕೆ ಕೇಂದ್ರಕ್ಕೆ ಸೇರಿಸಿದ. ಈಗ ತಿಂಗಳಾಗಿತ್ತು.

“ಗಂಡನ್ನ ಒಯ್ದು ಆಶ್ರಮಕ್ಕ ಹಾಕ್ಯಾಳ ಅಂತಾರ್ರಿ ಮಂದಿ” ಎಂದರು. ಈಗ ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಅಳು ಬಂದದ್ದು ಭೇಟಿಯ ಮಾತು ಬಂದಾಗ.

ದಿನಾ ಸಂಜೆ ಐದಕ್ಕೆ ಹೋಗುತ್ತಿದ್ದರು. ಯಜಮಾನರು ಇವರನ್ನು ಕಂಡ ಕೂಡಲೇ ಎದ್ದು ನಿಲ್ಲುತ್ತಿದ್ದರು. “ಅಕ್ಕಾರ, ನಮ್ಮ ಮನಿಗಿ ಬಿಟ್ಟು ಬರ್ರಿ.” 45 ವರ್ಷ ಸಂಸಾರ ಮಾಡಿದ ಹೆಂಡತಿ ಈಗ ಅಕ್ಕಾರ. ಮನೆ ಅಂದರೆ ಹಳೇ ಬಾಗಲಕೋಟೆಯ ಮನೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ್ದು. 1964ರಲ್ಲಿ ಆ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ಇವರಿನ್ನೂ ಶಾಲೆ ಹುಡುಗ. ಮುಳುಗುತ್ತೆ, ಮುಳುಗುತ್ತೆ ಅಂತ ಕೇಳುತ್ತಲೇ ದೊಡ್ಡವರಾದವರು. ಆಮೇಲೆ ಮುಳುಗಡೆಯಾದವರಿಗೆ ಅಂತ ಕಟ್ಟಿದ ನವನಗರದಲ್ಲಿ ಮನೆ ಕಟ್ಟಿ ಇಪ್ಪತ್ತು ವರ್ಷ ಇದ್ದರು. ಆ ಮನೆ ಮಾತ್ರ ಅವರ ತಲೆಯಲ್ಲಿ ಇಲ್ಲವೇ ಇಲ್ಲ.

ಅಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು: “ಅದು ನೀರಾಗ ಹೋಗೇತ್ರಿ.” ಯಜಮಾನರಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ. “ಯಾವಾಗ? ಸಾಮಾನೆಲ್ಲ ತಗದ್ರೇನು? ಅವ್ವ ಎಲ್ಲಿ ಅದಾಳ?” ಎಂದು ಬಿಕ್ಕಿ ಬಿಕ್ಕಿ ಅಳು. ಮರುದಿನ ಮತ್ತೆ ಅದೇ.

“ಮೂವತ್ತು ದಿನ, ಮೂವತ್ತು ಸಲ ಮನಿ ಮುಳುಗಿಸೇನ್ರಿ ನಾನು” ಎಂದರು.

ಈ ಕಾಯಿಲೆಯಲ್ಲಿ ಹೊಸ ನೆನಪು ಕೂರುವುದಿಲ್ಲ, ಹಳೆಯದು ಜಾಸ್ತಿ ದಿನ ಉಳಿಯುತ್ತದೆ. ಇದು ಅವರಿಗೆ ಗೊತ್ತಿತ್ತು. ಗೊತ್ತಿರದಿದ್ದದ್ದು ಇನ್ನೊಂದು. ಹೇಳಿದ ಮಾತು ಐದು ನಿಮಿಷಕ್ಕೆ ಮರೆತುಹೋದರೂ ಅದು ತಂದ ಸಂಕಟ ಉಳಿಯುತ್ತದೆ. ಯಾಕೆ ಸಂಕಟ ಅಂತ ಯಜಮಾನರಿಗೇ ಗೊತ್ತಿರುವುದಿಲ್ಲ. ರಾತ್ರಿ ಊಟ ಬೇಡ ಅನ್ನುತ್ತಾರೆ, ಆಯಾ ಮೇಲೆ ಕೈ ಎತ್ತುತ್ತಾರೆ.

ಮೊದಲ ಸಲಹೆಯಲ್ಲೇ ನಾನು ಎಡವಿದೆ. ಹಳೇ ಫೋಟೋ ಆಲ್ಬಮ್ ಒಯ್ಯಿರಿ ಅಂದೆ. ಹೇಗೆ ತೋರಿಸಬೇಕು ಅಂತ ಹೇಳಲೇ ಇಲ್ಲ. ಅಮ್ಮ ಒಂದೊಂದೇ ಫೋಟೋಗೆ ಬೆರಳಿಟ್ಟು “ಇವರ್ಯಾರು ಹೇಳ್ರಿ?” ಅಂತ ಕೇಳಿದ್ದಾರೆ. ನಾಲ್ಕನೇ ಫೋಟೋಗೆ ಆಲ್ಬಮ್ ಗೋಡೆಗೆ ಬಡಿಯಿತು. ತಪ್ಪು ನನ್ನದು. ನೋಡಲು ಬಂದವರೆಲ್ಲ “ನನ್ನ ಗುರುತು ಸಿಕ್ತಾ?” ಅಂತಲೇ ಶುರು ಮಾಡುತ್ತಾರೆ, ಅಲ್ವಾ? ಅವರಿಗೆ ಅದು ಪರೀಕ್ಷೆ. ಅದರ ಬದಲು ನಾವೇ ಹೆಸರು ಹೇಳಿ, ಕೈ ಹಿಡಿದು ಪಕ್ಕದಲ್ಲಿ ಕೂತರೆ ಆಯಿತು.

ಅಮ್ಮ ಎರಡನೇ ಸಲ ನನ್ನಲ್ಲಿಗೆ ಬಂದಾಗ, ಕೇಂದ್ರಕ್ಕೆ ಹೋಗುವ ವೇಳೆ ಬದಲಿಸಲು ಹೇಳಿದೆ. ಹೊತ್ತು ಮುಳುಗುವಾಗ ಇಂಥವರಲ್ಲಿ ತಳಮಳ ಜಾಸ್ತಿ. ಬೆಳಿಗ್ಗೆ ಹನ್ನೊಂದೂವರೆಗೆ ಹೋಗಿ, ದಿನಾ ಬೇಡ, ವಾರಕ್ಕೆ ಮೂರು ಸಲ ಸಾಕು. ಕೈಚೀಲವನ್ನು ಬಾಗಿಲಲ್ಲೇ ಆಯಾ ಹತ್ತಿರ ಕೊಡಿ. ಚೀಲ ಕಂಡರೆ ಅವರ ಲೆಕ್ಕದಲ್ಲಿ ಪ್ರಯಾಣ ಶುರು. ‘ಹೋಗಿ ಬರ್ತೀನಿ’ ಅನ್ನಲೂಬೇಡಿ. ಊಟದ ತಟ್ಟೆ ಬಂದು ಮೊದಲ ತುತ್ತು ಬಾಯಿಗೆ ಹೋದ ಮೇಲೆ ಸುಮ್ನೆ ಎದ್ದು ಬನ್ನಿ. ಇದನ್ನು ಕೇಳಿ ಅವರಿಗೆ ಬೇಜಾರಾಯಿತು. ಹೇಳದೆ ಬರುವುದು ಕಳ್ಳತನದ ಹಾಗೆ ಅಂದರು. ಎರಡು ವಾರ ಮಾಡಿ ನೋಡಿ ಅಂದೆ.

ಇನ್ನೊಂದನ್ನು ಒತ್ತಿ ಹೇಳಿದೆ. ಒಂದೆರಡು ದಿನದಲ್ಲೇ ಅವರು ಏಕಾಏಕಿ ಮಂಕಾದರೆ, ಬಡಬಡಿಸತೊಡಗಿದರೆ, ಕಾಯಿಲೆ ಬೆಳೆಯಿತು ಅಂತ ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ಏನಾದರೂ ಇರಬಹುದು. ಡಾಕ್ಟರಿಗೆ ತೋರಿಸಲೇಬೇಕು.

ಉಳಿದದ್ದು ಮನೆಯ ಮಾತು. “ಗಂಡನ ಮುಂದ ಸುಳ್ಳು ಹೇಳಲೇನ್ರಿ? ನಾಳೆ ಹೋಗೂನು ಅಂತ?” ನಾಳೆ ಅನ್ನಬೇಡಿ, ಮುಳುಗಿತು ಅಂತಲೂ ಅನ್ನಬೇಡಿ, ಮನೆಯ ಬಗ್ಗೆ ಅವರನ್ನೇ ಕೇಳಿ ಅಂದೆ. ಅದೂ ‘ಹೆಂಗಿತ್ತು’ ಅಂತ ಬೇಡ, ‘ಹೆಂಗೈತ್ರಿ’ ಅಂತ.

ಮುಂದಿನ ಸಲ ಬಂದಾಗ ಅವರು ನನ್ನ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಯಜಮಾನರು ಊಟದ ಮೇಜಿನ ಮೇಲೆ ಹೀಗೇ ಎಳೆದರಂತೆ. ಇದು ಹೊಸ್ತಿಲು, ಇದು ಪಡಸಾಲಿ, ಇಲ್ಲಿ ದೇವರ ಕೋಣಿ, ಹಿತ್ತಲದಾಗ ನುಗ್ಗಿ ಗಿಡ. “ನುಗ್ಗಿ ಗಿಡ ನಂಗ ಮರತೇ ಹೋಗಿತ್ರಿ” ಎಂದು ನಕ್ಕರು. ಅವರ ಮುಖದಲ್ಲಿ ನಗು ಕಂಡದ್ದು ಅವತ್ತೇ ಮೊದಲು.

ಹಳೇ ಮನೆಯ ಕೀಲಿಕೈ ಅವರ ಟ್ರಂಕಿನಲ್ಲಿ ಇನ್ನೂ ಇತ್ತು. ಅದನ್ನು ಒಯ್ಯುತ್ತೇನೆ ಅಂದಾಗ ನಾನು ಬೇಡ ಅಂದೆ. ಕೀಲಿಕೈ ಸಿಕ್ಕರೆ ಹೊರಟೇಬಿಡುತ್ತಾರೆ ಅಂತ ನನ್ನ ಭಯ. ಅಮ್ಮ ಕೇಳದೆ ಒಯ್ದರು. ಯಜಮಾನರು ಅದನ್ನು ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಲಗೈಯಲ್ಲಿ ಪೂರ್ತಿ ಊಟ ಮಾಡಿದರಂತೆ. ಎಲ್ಲರಿಗೂ ಇದು ನಡೆದೀತು ಅಂತ ಹೇಳಲಾರೆ. ಆದರೆ 45 ವರ್ಷ ಜೊತೆಗಿದ್ದವರ ಅಂದಾಜು ನನ್ನ ಓದಿಗಿಂತ ಮುಂದಿತ್ತು.

ಅಮ್ಮನ ದುಃಖದ ಬಗ್ಗೆಯೂ ಮಾತಾಡಿದೆವು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಂದಿ ಮಾತಾಡಿಸಲು ಬರುತ್ತಾರೆ. ಬದುಕಿರುವ ಗಂಡ ದಿನಾ ಅಷ್ಟಷ್ಟೇ ದೂರವಾಗುತ್ತಿದ್ದರೆ ಮಾತಾಡಿಸಲು ಯಾರು ಬರುತ್ತಾರೆ? ಹಾಗಾಗಿ ಅವರು ತಂಗಿಗೆ ಫೋನ್ ಮಾಡಿ “ವಾರಕ್ಕೊಮ್ಮೆ ಬಾ” ಅಂತ ಬಾಯಿಬಿಟ್ಟು ಕೇಳಬೇಕು ಅಂತ ಠರಾಯಿಸಿದೆವು. ನಿದ್ದೆ ಬರದ ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೋದ ವಾರ ಬಂದಿದ್ದರು, ಪ್ಲಾಸ್ಟರ್ ಬಿಚ್ಚಿತ್ತು. ಮೊನ್ನೆ ಯಜಮಾನರು ಇವರನ್ನೇ ಕೇಳಿದ್ದಾರೆ: “ಅಕ್ಕಾರ, ನಿಮ್ಮ ಮನಿ ಎಲ್ಲಿ ಬರ್ತೈತ್ರಿ?”

“ಹಳೇ ಬಾಗಲಕೋಟ್ಯಾಗರಿ” ಅಂದರಂತೆ ಇವರು.

“ಹೌದಾ? ಮತ್ತ ನಮ್ಮ ಮಂದೀನ ಆದ್ರಲ್ರಿ! ಕೂಡ್ರಿ, ಕೂಡ್ರಿ. ಊಟ ಮಾಡ್ಕೊಂಡ ಹೋಗೀರಂತ.”