ಪಾಣಿಪತ್ತಿನ ಕಾರಣಗಳನ್ನು ಏಕೆ ಓದಬೇಕು?

ಪುಣೆಯ ಶಾಲೆಯಲ್ಲಿ ಓದುತ್ತಿರುವ ತಮ್ಮ ಮಗ ಪಾಣಿಪತ್ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡುವುದನ್ನು ಕಂಡು, ಎಂದೋ ಮುಗಿದ ಯುದ್ಧಗಳ ಕಾರಣಗಳನ್ನು ಈಗ ಓದಿ ಪ್ರಯೋಜನವೇನು ಎಂದು ಕೇಳಿದ್ದೀರಿ. ಬರೀ ಇಸವಿಗಳಿಂದ ಪ್ರಯೋಜನವಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಕಾರಣಗಳ ಮಾತು ಬೇರೆ.

1761ರ ಜನವರಿ 14ರಂದು, ಮೂರನೇ ಪಾಣಿಪತ್ ಯುದ್ಧದಲ್ಲಿ, ಮರಾಠರ ಸೇನಾಪತಿ ಸದಾಶಿವರಾವ್ ಭಾವೂ ಸೋತದ್ದು ಶೌರ್ಯದ ಕೊರತೆಯಿಂದಲ್ಲ. ಮರಾಠರ ತೋಪುಪಡೆಯ ನಾಯಕ ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು ಅಂದು ಅಫ್ಘಾನ್ ದೊರೆ ಅಹ್ಮದ್ ಶಾ ಅಬ್ದಾಲಿಯ ಸೇನೆಯನ್ನು ತತ್ತರಿಸುವಂತೆ ಮಾಡಿದ್ದವು. ಸೋಲಿನ ಬೇರುಗಳಿರುವುದು ಅದರ ಹಿಂದಿನ ತಿಂಗಳುಗಳಲ್ಲಿ: ಮರಾಠರ ವಸೂಲಿಯಿಂದ ಬೇಸತ್ತಿದ್ದ ರಜಪೂತರು ದೂರ ಉಳಿದರು, ಹೆಂಗಸರನ್ನೂ ಭಾರವಾದ ಸಾಮಗ್ರಿಯನ್ನೂ ಹಿಂದೆ ಬಿಟ್ಟು ಹೋಗಿರೆಂದು ಹೇಳಿದ ಭರತಪುರದ ಜಾಟ್ ದೊರೆ ಸೂರಜ್‌ಮಲ್ಲನ ಮಾತು ನಡೆಯದೆ ಅವನೂ ಹಿಂದೆ ಸರಿದ, ಅವಧದ ನವಾಬ ಶುಜಾ ಉದ್ ದೌಲ ಎದುರು ಪಾಳೆಯ ಸೇರಿದ. ಧಾನ್ಯ ಒದಗಿಸುತ್ತಿದ್ದ ಗೋವಿಂದಪಂತ ಬುಂದೇಲೆ ಡಿಸೆಂಬರಿನಲ್ಲಿ ಹತನಾದ ಮೇಲಂತೂ, ಯಾತ್ರಿಕರನ್ನೂ ಸಂಸಾರಗಳನ್ನೂ ಕಟ್ಟಿಕೊಂಡಿದ್ದ ಆ ದೊಡ್ಡ ಪಾಳೆಯ ಹಸಿವಿನಿಂದ ಕಂಗೆಟ್ಟಿತು; ಕಡೆಗೆ ಸೈನಿಕರು ಹೊಟ್ಟೆಗಿಲ್ಲದೆಯೇ ಕಾಳಗಕ್ಕೆ ಇಳಿದರು. ಮಿತ್ರರನ್ನು ಹೇಗೆ ಕಳೆದುಕೊಳ್ಳುತ್ತೇವೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವ ಪಾಠ ನನಗೆ ಕಂಡಿಲ್ಲ.

ಅದರ ಪರಿಣಾಮ ನಮ್ಮ ನಾಡಿಗೂ ತಟ್ಟಿತು. ಅದೇ ವರ್ಷ ಜೂನ್‌ನಲ್ಲಿ ಮರಾಠರ ಪ್ರಧಾನಿಯಾಗಿದ್ದ ನಾನಾಸಾಹೇಬ ಪೇಶ್ವೆ ಪುಣೆಯ ಪರ್ವತಿ ಗುಡ್ಡದಲ್ಲಿ ತೀರಿಕೊಂಡರು. ಮರಾಠರ ಬಲ ಹೀಗೆ ಕುಂದಿದ ಹೊತ್ತಿನಲ್ಲಿ ಅತ್ತ ಮೈಸೂರಿನಲ್ಲಿ ಹೈದರಾಲಿ ಅಧಿಕಾರ ಹಿಡಿದು, 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ.

ಮಗನನ್ನು ಒಮ್ಮೆ ಪರ್ವತಿ ಗುಡ್ಡಕ್ಕೆ ಕರೆದುಕೊಂಡು ಹೋಗಿ. ಆಮೇಲೆ ಭೂಪಟ ಬಿಡಿಸಿ, ಪಾಣಿಪತ್ತಿಗೆ ಧಾನ್ಯ ಯಾವ ದಾರಿಯಲ್ಲಿ ಬರಬೇಕಿತ್ತು ಎಂಬುದನ್ನು ಅವನಿಂದಲೇ ಗುರುತಿಸಿಸಿ. ಇಸವಿ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.