ಕುಸ್ತಿ ತಂಡ ಯಾರದೆಂದು ಕೇಳಿದ ಗೆಳೆಯರಿಗೆ ನಿಪ್ಪಾಣಿ ಕಡೆಯಿಂದ ಉತ್ತರ

ಪ್ರಿಯ ಗೆಳೆಯರೇ,

ಅಂತರ ಕಾಲೇಜು ಕುಸ್ತಿ ಪಂದ್ಯಾವಳಿಗೆ ಸಿದ್ಧರಾಗುತ್ತಿರುವ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಫೋಟೊ ನೋಡಿ ನೀವು ಬೆಂಗಳೂರಿನಿಂದ ಎರಡು ಪ್ರಶ್ನೆ ಕೇಳಿದ್ದೀರಿ. ಮನೆಯಲ್ಲಿ ಮರಾಠಿ ಮಾತನಾಡುವ, ಕೊಲ್ಹಾಪುರದ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಸಾಮು ಮಾಡುವ ಈ ಹುಡುಗರು ಕರ್ನಾಟಕದ ತಂಡ ಹೇಗಾಗುತ್ತಾರೆ ಎಂಬುದು ಒಂದು. ಪದವಿ ಓದುವ ಮಕ್ಕಳಿಗೆ ಈ ಕಾಲದಲ್ಲಿ ಕುಸ್ತಿ ಏತಕ್ಕೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಮೊದಲ ವೈಯಕ್ತಿಕ ಪದಕ ತಂದುಕೊಟ್ಟ ಖಾಶಾಬಾ ಜಾಧವ ಅವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದವರು. 1952ರಲ್ಲಿ ಅವರನ್ನು ಹೆಲ್ಸಿಂಕಿಗೆ ಕಳುಹಿಸಲು ಹಣ ಸಾಲದೆ ಹೋದಾಗ ಆ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟಿದ್ದರು. ಅಂಥ ನೆನಪು ಇರುವ ಈ ಸೀಮೆಯಲ್ಲಿ ಓದು ಬೇರೆ, ಗರಡಿ ಬೇರೆ ಎಂದು ಯಾರೂ ತಿಳಿದಿಲ್ಲ. ಜೊತೆಗೆ ಪೊಲೀಸ್ ಇಲಾಖೆ, ರೈಲ್ವೆ, ಸೇನೆಗಳಲ್ಲಿ ಕ್ರೀಡಾಪಟುಗಳಿಗೆ ಇರುವ ಅವಕಾಶ ಇಲ್ಲಿಯ ಒಕ್ಕಲುತನದ ಮನೆಗಳಿಗೆ ಚೆನ್ನಾಗಿ ಗೊತ್ತಿದೆ. ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಹಣ ಖುರಾಕಿಗೆ, ಅಂದರೆ ಪೈಲ್ವಾನನ ಆಹಾರಕ್ಕೆ, ಖರ್ಚಾಗುತ್ತದೆ, ವಿಶ್ವವಿದ್ಯಾಲಯದ ಪ್ರಮಾಣಪತ್ರ ನೌಕರಿಯ ಅರ್ಜಿಗೆ ಉಳಿಯುತ್ತದೆ.

ಮೊದಲ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಮುಗಿಯುವುದಿಲ್ಲ.

ಬೆಳಗಾವಿ ಜಿಲ್ಲೆಯ ಗಡಿಯಲ್ಲಿರುವ ನಿಪ್ಪಾಣಿಯಿಂದ ಮಹಾರಾಷ್ಟ್ರದ ಕೊಲ್ಹಾಪುರ ಸುಮಾರು ನಲವತ್ತು ಕಿಲೋಮೀಟರು. ಬೆಂಗಳೂರು ಐದುನೂರಕ್ಕೂ ಹೆಚ್ಚು. 1956ರ ನವೆಂಬರ್ 1ರವರೆಗೆ ನಿಪ್ಪಾಣಿಯೂ ಕೊಲ್ಹಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಶಾಹೂ ಮಹಾರಾಜರು ಕುಸ್ತಿಗೆ ಆಶ್ರಯ ಕೊಟ್ಟು ಖಾಸಬಾಗ್ ಮೈದಾನ ಕಟ್ಟಿಸಿದಾಗ ಅಲ್ಲಿ ಕಣಕ್ಕಿಳಿಯಲು ಈ ಕಡೆಯ ಪೈಲ್ವಾನರು ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. 1959ರಲ್ಲಿ ಹಿಂದ್ ಕೇಸರಿ ಎಂಬ ರಾಷ್ಟ್ರಮಟ್ಟದ ಕುಸ್ತಿ ಬಿರುದನ್ನು ಮೊಟ್ಟಮೊದಲು ಗೆದ್ದ ಶ್ರೀಪತಿ ಖಂಚನಾಳೆ ಅವರನ್ನು ದೇಶವೆಲ್ಲ ಕೊಲ್ಹಾಪುರದ ಮಲ್ಲರೆಂದು ಬಲ್ಲದು. ಅವರ ಮೂಲ ಊರು ನಮ್ಮ ಚಿಕ್ಕೋಡಿ ತಾಲೂಕಿನ ಯಕ್ಸಂಬಾ. ಅವರ ಕೀರ್ತಿಯಲ್ಲಿ ಎರಡೂ ಕಡೆಗೆ ಪಾಲಿದೆ. ನಮ್ಮ ಹುಡುಗರು ನಡೆಯುತ್ತಿರುವುದು ಅವರು ನಡೆದ ದಾರಿಯಲ್ಲೇ.

ತಂಡ ಕಟ್ಟುವ ಕ್ರಮವನ್ನು ನಿಮಗೆ ವಿವರವಾಗಿ ಹೇಳಬೇಕಾಗಿಲ್ಲ. ಅಂತರ ಕಾಲೇಜು ಪಂದ್ಯಾವಳಿಗೆ ಕಾಲೇಜಿನಿಂದ ಒಂದು ತೂಕಕ್ಕೆ ಒಬ್ಬನನ್ನು ಕಳುಹಿಸುತ್ತೇವೆ; ಅಲ್ಲಿ ಗೆದ್ದವರು ವಿಶ್ವವಿದ್ಯಾಲಯದ ತಂಡ ಸೇರಿ, ತರಬೇತಿ ಶಿಬಿರ ಮುಗಿಸಿಕೊಂಡು, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತಾರೆ. ಹಿಂದೆ ಇದೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುತ್ತಿತ್ತು, 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಬೆಳಗಾವಿಗೆ ಬಂತು. 2022ರಲ್ಲಿ ನಿಮ್ಮ ಬೆಂಗಳೂರಿನಲ್ಲೇ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ನೀವು ಕಂಡಿದ್ದರೆ, ಆ ಮ್ಯಾಟಿನವರೆಗೆ ಬರುವ ಹಾದಿ ಇಂಥ ಸಣ್ಣ ಕಾಲೇಜುಗಳಿಂದಲೇ ಶುರುವಾಗುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು.

ಆದರೆ ಮಣ್ಣಿನಿಂದ ಮ್ಯಾಟಿಗೆ ಬರುವುದು ಎಷ್ಟು ಕಷ್ಟವೆಂಬುದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ತಾಲೀಮಿನ ಕಣದಲ್ಲಿ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆಹುಳಿ ಬೆರೆಸಿ ಹದ ಮಾಡಿರುತ್ತಾರೆ. ಅಲ್ಲಿ ಬೆನ್ನು ನೆಲಕ್ಕೆ ತಾಗಿ ಚಿತ್ ಆಗುವವರೆಗೆ ಸೋಲಿಲ್ಲ. ಎದುರಾಳಿ ಮೇಲೆ ಬಿದ್ದಾಗ ಪೈಲ್ವಾನ ಹೊಟ್ಟೆಯ ಮೇಲೆ ಮಲಗಿ, ಮೊಣಕೈಗಳನ್ನು ಪಕ್ಕೆಗೆ ಬಿಗಿದು, ಗದ್ದವನ್ನು ಮಣ್ಣಿಗೆ ಒತ್ತಿ ಎಷ್ಟು ಹೊತ್ತಾದರೂ ತಡೆದಿರಬಲ್ಲ. ನೋಡುವ ಜನರೂ ಅದನ್ನು ಗಟ್ಟಿತನವೆಂದೇ ಮೆಚ್ಚುತ್ತಾರೆ. ಮ್ಯಾಟಿನ ಮೇಲೆ ಅದೇ ಅಭ್ಯಾಸ ಅವನಿಗೆ ಮುಳುವಾಗುತ್ತದೆ. ಕೆಡವಿದ ಕೂಡಲೇ ಎದುರಾಳಿಗೆ ಎರಡು ಅಂಕ ಸಿಕ್ಕಿರುತ್ತದೆ. ಅವನು ಸೊಂಟಕ್ಕೆ ಕೈ ಹೆಣೆದು ಭಾರಂದಾಜ್ ಹಾಕಿ ಉರುಳಿಸಿದ ಒಂದೊಂದು ಸುತ್ತಿಗೂ ಇನ್ನೆರಡು ಅಂಕ. ನಾಲ್ಕು ಸುತ್ತು ಉರುಳಿದರೆ ಹತ್ತು ಅಂಕಗಳ ಅಂತರವಾಗಿ ಫ್ರೀಸ್ಟೈಲ್ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಬೆನ್ನು ನೆಲಕ್ಕೆ ಊರದ ನಾನು ಸೋತದ್ದು ಹೇಗೆ ಎಂದು ಹೊಸ ಹುಡುಗ ನನ್ನ ಮುಖ ನೋಡುತ್ತಾನೆ. ಮೂರು ಮೂರು ನಿಮಿಷದ ಎರಡು ಅವಧಿಯಲ್ಲಿ ಎಲ್ಲವೂ ಮುಗಿಯಬೇಕು ಎಂಬುದು ಅವನ ಮೈಗೆ ಒಗ್ಗಲು ಒಂದು ವರ್ಷವಾದರೂ ಬೇಕು. ತೂಕದ ಮಾತೂ ಹಾಗೆಯೇ. ಜಾತ್ರೆಯಲ್ಲಿ ಹಿರಿಯರು ಮೈಕಟ್ಟನ್ನು ಕಣ್ಣಿನಿಂದಲೇ ಅಳೆದು ಜೋಡಿ ಕಟ್ಟುತ್ತಾರೆ. ಇಲ್ಲಿ ಅರವತ್ತೊಂದು ಕಿಲೋ ಎಂದರೆ ಅರವತ್ತೊಂದೇ. ನಮ್ಮ ಹುಡುಗಿಯರ ಕಲಿಕೆ ಮ್ಯಾಟಿನಿಂದಲೇ ಆರಂಭವಾದದ್ದರಿಂದ ಅವರಿಗೆ ಈ ತೊಡಕು ಕಡಿಮೆ, ಅದು ನನಗೆ ಸಂತೋಷದ ಸಂಗತಿ.

ಈಗ ನನ್ನನ್ನು ವರ್ಷವರ್ಷವೂ ಕಾಡುವ ವಿಷಯಕ್ಕೆ ಬರುತ್ತೇನೆ: ಕಾಗದಪತ್ರಗಳು. ನೀವು ಭಾಷೆಯ ಪ್ರಶ್ನೆ ಕೇಳಿದಿರಿ. ನನ್ನ ಮುಂದೆ ದಿನವೂ ನಿಲ್ಲುವುದು ಕಾಗದಗಳ ಪ್ರಶ್ನೆ. ನಮ್ಮ ಭಾಗದಲ್ಲಿ ಮಗ ಕುಸ್ತಿಯಲ್ಲಿ ಮುಂದೆ ಬರುವಂತೆ ಕಂಡರೆ ಹದಿಮೂರು ಹದಿನಾಲ್ಕನೇ ವಯಸ್ಸಿಗೇ ಅವನನ್ನು ಕೊಲ್ಹಾಪುರದ ತಾಲೀಮಿಗೆ ಬಿಡುತ್ತಾರೆ. ಅಲ್ಲೇ ಉಳಿಯುವುದರಿಂದ ಹತ್ತನೆಯ ತರಗತಿಯನ್ನೂ ಹನ್ನೆರಡನೆಯ ತರಗತಿಯನ್ನೂ ಅಲ್ಲಿಯ ಶಾಲೆಗಳಲ್ಲೇ ಮುಗಿಸುತ್ತಾನೆ. ಆಮೇಲೆ ಮನೆಯ ಹೊಲ, ತಂದೆಯ ವಯಸ್ಸು, ಖರ್ಚು ಇವುಗಳ ಲೆಕ್ಕ ಹಾಕಿ ಪದವಿಗೆ ನಮ್ಮ ಕಾಲೇಜಿಗೆ ಸೇರುತ್ತಾನೆ. ಅವನು ಈ ಊರಿನವನು, ರೇಷನ್ ಕಾರ್ಡು ಇಲ್ಲಿಯದು, ತಂದೆತಾಯಿ ಮತ ಹಾಕುವುದು ಇಲ್ಲಿ. ಆದರೂ ಅಂಕಪಟ್ಟಿ ಹೊರರಾಜ್ಯದ್ದಾದ ಕಾರಣ ಅವನಿಗೆ ಹಿಂದೆ ಓದಿದ ಕಡೆಯಿಂದ ವಲಸೆ (ಮೈಗ್ರೇಶನ್) ಪ್ರಮಾಣಪತ್ರ ಬೇಕು, ಅದರ ಮೇಲೆ ಅರ್ಹತಾ ಪ್ರಮಾಣಪತ್ರ ಬೇಕು. ಅರ್ಹತೆ ಖಚಿತವಾಗುವವರೆಗೆ ಅವನ ಪ್ರವೇಶ ತಾತ್ಕಾಲಿಕ. ತಾತ್ಕಾಲಿಕ ವಿದ್ಯಾರ್ಥಿಯ ಹೆಸರನ್ನು ತಂಡದ ಪಟ್ಟಿಗೆ ಸೇರಿಸಲು ಸಹಿ ಮಾಡುವವರು ಹಿಂಜರಿಯುತ್ತಾರೆ. ಅವರ ಹಿಂಜರಿಕೆಗೂ ಅರ್ಥವಿದೆ, ಏಕೆಂದರೆ ಅನರ್ಹನೊಬ್ಬ ತಂಡದಲ್ಲಿದ್ದಾನೆಂದು ದೂರು ಬಂದರೆ ಗೆದ್ದ ಪದಕವೂ ಹೋಗುತ್ತದೆ, ಕಾಲೇಜಿನ ಹೆಸರೂ ಕೆಡುತ್ತದೆ.

ಪತ್ರ ತರಿಸಿದರಾಯಿತಲ್ಲ ಎಂದು ನೀವು ಹೇಳಬಹುದು. ತರಿಸಿದ ಮೇಲೆಯೇ ನಿಜವಾದ ಗಂಟು ಬಿಗಿಯುತ್ತದೆ. ಗಡಿಯಾಚೆಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಹುಡುಗನ ಹೆಸರು, ಕೊನೆಗೆ ತಂದೆಯ ಹೆಸರು. ಆಧಾರ್ ಕಾರ್ಡಿನಲ್ಲಿ ಹುಡುಗನ ಹೆಸರು ಮೊದಲು, ಅಡ್ಡಹೆಸರು ಕೊನೆಗೆ. ನಮ್ಮ ಕಾಲೇಜಿನ ದಾಖಲೆಯಲ್ಲಿ ತಂದೆಯ ಹೆಸರು ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ತಾಯಿಯ ಹೆಸರು ಒಂದು ಕಡೆ ತವರಿನದು, ಇನ್ನೊಂದು ಕಡೆ ಮದುವೆಯಲ್ಲಿ ಇಟ್ಟದ್ದು. ತೂಕದ ದಿನ ಬೆಳಿಗ್ಗೆ, ಹಿಂದಿನ ರಾತ್ರಿಯಿಂದ ನೀರನ್ನೂ ಕುಡಿಯದೆ ತುಟಿ ಒಣಗಿ ನಿಂತ ಹುಡುಗನ ಮುಂದೆ ಈ ಮೂರು ಕಾಗದಗಳನ್ನು ಮೇಜಿನ ಮೇಲೆ ಹರಡಿ, ಇವರು ಮೂವರೂ ಒಬ್ಬನೇ ಎಂದು ನಾನು ಸಾಬೀತು ಮಾಡಬೇಕಾಗುತ್ತದೆ. ಪ್ರಾಂಶುಪಾಲರ ದೃಢೀಕರಣ, ಮುದ್ರೆಯ ಅರ್ಧ ಭಾಗ ಫೋಟೊ ಮೇಲೆ ಬಿದ್ದ ಗುರುತಿನ ಪತ್ರ, ನೋಟರಿಯ ಮುಂದೆ ಮಾಡಿಸಿದ ಪ್ರಮಾಣಪತ್ರ, ಇವೆಲ್ಲವನ್ನೂ ಪ್ರತಿಯೊಬ್ಬ ಹುಡುಗನಿಗೆ ಒಂದೊಂದು ಫೈಲಿನಲ್ಲಿ ಜೋಡಿಸಿಕೊಂಡೇ ನಾನು ಹೊರಡುತ್ತೇನೆ. ಸಮವಸ್ತ್ರ, ಬೂಟು, ಕೆಂಪು ನೀಲಿ ಕಾಸ್ಟ್ಯೂಮುಗಳ ಚೀಲವನ್ನು ಹುಡುಗರ ಕೈಗೆ ಕೊಟ್ಟರೂ ಆ ಫೈಲುಗಳನ್ನು ಮಾತ್ರ ಯಾರ ಕೈಗೂ ಕೊಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಒಬ್ಬ ವಿದ್ಯಾರ್ಥಿ ತನ್ನ ತೂಕದಲ್ಲಿ ಎಲ್ಲರನ್ನೂ ಸೋಲಿಸಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ. ಅವನು ಹಿಂದೆ ಓದಿದ ಸಂಸ್ಥೆಯ ಕಚೇರಿಯಲ್ಲಿ ವಲಸೆ ಪ್ರಮಾಣಪತ್ರಕ್ಕೆ ಶುಲ್ಕ ಕಟ್ಟಿ, ರಸೀತಿ ಹಿಡಿದುಕೊಂಡು ಮತ್ತೆ ಮತ್ತೆ ಹೋದರೂ, ಇಂದು ಗುಮಾಸ್ತರಿಲ್ಲ, ನಾಳೆ ಸಾಹೇಬರಿಲ್ಲ ಎಂಬ ಉತ್ತರವೇ ಸಿಕ್ಕಿತು. ತಂಡ ರೈಲು ಹತ್ತಿದ ಮೇಲೆ ಪತ್ರ ಕೈಸೇರಿತು. ಆ ಹುಡುಗ ಮರುವರ್ಷ ವಯಸ್ಸಿನ ಮಿತಿ ದಾಟಿದ. ಅವನು ಈಗ ಕಬ್ಬಿನ ಗದ್ದೆ ನೋಡಿಕೊಂಡಿದ್ದಾನೆ, ಸಂಜೆ ಊರಿನ ತಾಲೀಮಿನಲ್ಲಿ ಚಿಕ್ಕವರಿಗೆ ಪಟ್ಟು ಕಲಿಸುತ್ತಾನೆ, ಎದುರು ಸಿಕ್ಕಾಗ ಸರ್ ಎಂದು ನಿಂತು ಮಾತನಾಡಿಸುತ್ತಾನೆ. ಅವನಿಗೆ ಆದ ನಷ್ಟಕ್ಕೆ ಯಾರೂ ಹೊಣೆ ಹೊರಲಿಲ್ಲ.

ಇದೇ ತೊಡಕಿಗೆ ಅಂಜಿ ಎಷ್ಟೋ ಹುಡುಗರು ಪದವಿಗೂ ಗಡಿಯಾಚೆಗೇ ಸೇರಿಬಿಡುತ್ತಾರೆ. ಅಣ್ಣ ನಮ್ಮ ಕಾಲೇಜಿನಲ್ಲಿ, ತಮ್ಮ ಕಾಗಲದ ಕಾಲೇಜಿನಲ್ಲಿ ಓದುವ ಮನೆಗಳಿವೆ; ಅಣ್ಣ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ ಪರವಾಗಿ, ತಮ್ಮ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪರವಾಗಿ ಅಖಿಲ ಭಾರತ ಪಂದ್ಯಾವಳಿಗೆ ಹೋಗಬಹುದು. ಇಬ್ಬರೂ ಒಂದೇ ವಸ್ತಾದರ ಶಿಷ್ಯರು, ಒಂದೇ ಎಮ್ಮೆಯ ಹಾಲು ಕುಡಿದವರು. ಇವರಲ್ಲಿ ಒಬ್ಬನನ್ನು ನಮ್ಮವನೆಂದೂ ಇನ್ನೊಬ್ಬನನ್ನು ಪರಕೀಯನೆಂದೂ ಹೇಳಲು ನನ್ನಿಂದಾಗದು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಮನೆಯಲ್ಲಿ ಅಚ್ಚ ಕನ್ನಡ ಮಾತನಾಡುವ ಹುಡುಗರು ಶಿವಾಜಿ ವಿಶ್ವವಿದ್ಯಾಲಯಕ್ಕಾಗಿ ಕುಸ್ತಿ ಹಿಡಿಯುತ್ತಾರೆ. ಅವರು ಗೆದ್ದರೆ ಕೊಲ್ಹಾಪುರದ ಜನ ಹಲಗೆ ಬಾರಿಸಿ ಮೆರವಣಿಗೆ ಮಾಡಿದರೆ ಅದು ಸರಿಯಾದದ್ದೇ. ಹಾಗಿರುವಾಗ ಮನೆಯಲ್ಲಿ ಮರಾಠಿ ಮಾತನಾಡುವ ನಿಪ್ಪಾಣಿಯ ಹುಡುಗ ಎದೆಯ ಮೇಲೆ ಚೆನ್ನಮ್ಮನ ಹೆಸರು ಹೊತ್ತು ಗೆದ್ದಾಗ ಅವನನ್ನು ಮೆಚ್ಚುವ ಮೊದಲು ಅವನ ಮನೆಮಾತನ್ನು ವಿಚಾರಿಸುವುದು ನನಗೆ ನೋವುಂಟುಮಾಡುತ್ತದೆ. ನಾನು ಕನ್ನಡದ ಮನೆಯವನು, ಕನ್ನಡದಲ್ಲೇ ಪಾಠ ಹೇಳುವವನು. ರಾಯಬಾಗ, ಅಥಣಿಗಳಿಂದ ಬಂದ ಕನ್ನಡದ ಹುಡುಗರು ತಾಲೀಮಿನಲ್ಲಿ ಮರಾಠಿ ಕಲಿಯುವುದನ್ನೂ, ನಿಪ್ಪಾಣಿಯ ಹುಡುಗರು ಅವರ ಜೊತೆ ಉಂಡು ಮಲಗಿ ಕನ್ನಡ ಕಲಿಯುವುದನ್ನೂ ಕಣ್ಣಾರೆ ಕಂಡವನು. ತಂಡದಲ್ಲಿ ಭಾಷೆಗಾಗಿ ಜಗಳವಾದದ್ದನ್ನು ನಾನು ನೋಡಿಲ್ಲ.

ಜಗಳ ಹೊರಗಿನಿಂದ ಬರುತ್ತದೆ, ಬಂದಾಗ ಪೆಟ್ಟು ಬೀಳುವುದು ಇವರಿಗೆ. ಎರಡು ರಾಜ್ಯಗಳ ಗಡಿ ವಿವಾದದ ಬಗ್ಗೆ ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. 2022ರ ಡಿಸೆಂಬರಿನಲ್ಲಿ ವಿವಾದದ ಕಾವು ಏರಿ ಎರಡು ರಾಜ್ಯಗಳ ನಡುವಿನ ಬಸ್ಸು ಸಂಚಾರಕ್ಕೆ ತಡೆ ಬಿದ್ದಾಗ, ಕೊಲ್ಹಾಪುರದಲ್ಲಿ ಅಭ್ಯಾಸಕ್ಕಿದ್ದ ನಮ್ಮ ವಿದ್ಯಾರ್ಥಿಗಳು ಸಿಕ್ಕ ವಾಹನ ಹಿಡಿದು ಗಡಿಯವರೆಗೆ ಬಂದು, ಕೊಗನೊಳ್ಳಿಯ ಹತ್ತಿರ ಹೆದ್ದಾರಿಯನ್ನು ನಡೆದೇ ದಾಟಿದರು. ಮೈಕಟ್ಟು ನೋಡಿ ಪೊಲೀಸರು ತಡೆದು ವಿಚಾರಿಸಿದರು. ಹುಡುಗರು ಕಾಲೇಜಿನ ಗುರುತಿನ ಚೀಟಿ ತೋರಿಸಿದರು. ಅಲ್ಲಿಯೂ ಅವರಿಗೆ ನೆರವಾದದ್ದು ಕಾಗದವೇ.

ಹರಿಯಾಣದ ವಿಶ್ವವಿದ್ಯಾಲಯಗಳ ಮುಂದೆ ನಿಮ್ಮವರು ನಿಲ್ಲುತ್ತಾರೆಯೇ ಎಂದೂ ನೀವು ಕೇಳಬಹುದು. ಅಲ್ಲಿಯ ಮಕ್ಕಳು ಚಿಕ್ಕಂದಿನಿಂದಲೇ ಮ್ಯಾಟಿನ ಮೇಲೆ ಬೆಳೆಯುತ್ತಾರೆ, ಕಾಲುಗಳನ್ನು ಹೆಣೆದು ಉರುಳಿಸುವ ಅವರ ಫಿತಲೆ, ಭಾರಂದಾಜ್‌ಗಳ ವೇಗ ಬೇರೆಯೇ. ಆದರೆ ನಿಂತು ಹಿಡಿಯುವ ಕುಸ್ತಿಯಲ್ಲಿ, ಒಳನುಗ್ಗುವುದರಲ್ಲಿ, ಢಾಕ್ ಎಂಬ ಪಟ್ಟು ಹೊಡೆದು ಎತ್ತಿ ಒಗೆಯುವುದರಲ್ಲಿ ನಮ್ಮವರು ಅವರಿಗೆ ಕಡಿಮೆಯಿಲ್ಲ. ಈ ಸಲ ನಮ್ಮ ಕಾಲೇಜಿನ ಬಲವಿರುವುದು ಕೆಳಗಿನ ತೂಕಗಳಲ್ಲಿ. 61 ಕಿಲೋಕ್ಕೆ ಸಮನಾದ ಇಬ್ಬರಿದ್ದು, ಒಬ್ಬನನ್ನು 65ಕ್ಕೆ ಏರಿಸಲು ಹಾಲು ಬಾದಾಮಿ ಹೆಚ್ಚಿಸಿದ್ದೇವೆ. 74ರ ಹುಡುಗ ಕಳೆದ ವರ್ಷದ ಸೋಲಿನ ನಂತರ ಮಣ್ಣಿಗೆ ಇಳಿಯುವುದನ್ನೇ ಬಿಟ್ಟು ಮ್ಯಾಟಿನ ಮೇಲೆ ಕೆಳಗಿನಿಂದ ಬಿಡಿಸಿಕೊಳ್ಳುವುದನ್ನು ಕಲಿತಿದ್ದಾನೆ. ಹುಡುಗಿಯರಲ್ಲಿ 53 ಮತ್ತು 57 ಕಿಲೋಗಳಲ್ಲಿ ಪದಕದ ಭರವಸೆಯಿದೆ. 125ಕ್ಕೆ ನಮ್ಮಲ್ಲಿ ಯಾರೂ ಇಲ್ಲ. 86 ಕಿಲೋದ ವಿದ್ಯಾರ್ಥಿ ಇಡೀ ತಂಡದಲ್ಲೇ ಬಲಶಾಲಿ, ಮತ್ತು ಅವನ ವಲಸೆ ಪ್ರಮಾಣಪತ್ರ ಇನ್ನೂ ಬಂದಿಲ್ಲ. ಸೋಮವಾರ ನಾನೇ ಅವನನ್ನು ಕರೆದುಕೊಂಡು ಆ ಕಚೇರಿಗೆ ಹೋಗುತ್ತೇನೆ, ಅಷ್ಟರಲ್ಲಿ ಪತ್ರ ಸಿಗದಿದ್ದರೆ ಆ ತೂಕವನ್ನು ಖಾಲಿ ಬಿಟ್ಟೇ ತಂಡ ಹೊರಡಬೇಕಾಗುತ್ತದೆ.